ಗಂಭೀರ ಕಾಯಿಲೆಯಲ್ಲಿ ಉಪಶಾಮಕ ಆರೈಕೆ ಮತ್ತು ಮನಸ್ಸಿನ ಆಸರೆ: ಅನುಭವವಿರುವವರು ತಿಳಿಸಿ

ಪ್ರಶ್ನೆ: ನನ್ನ ತಾಯಿಯವರ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ. ಕೀಮೋ ನಡೆಯುತ್ತಿರುವಾಗಲೇ ಪ್ಯಾಲಿಯೇಟಿವ್ ತಂಡವನ್ನೂ (ನೋವು, ಸಂಕಟ ಇಳಿಸುವ ಉಪಶಾಮಕ ಆರೈಕೆಯವರನ್ನೂ) ಕಾಣಿರೆಂದು ವೈದ್ಯರು ಹೇಳಿದ್ದಾರೆ. ಅದು ಕೈಚೆಲ್ಲಿದಂತೆ ಎಂದು ತಂದೆಯವರು ಒಪ್ಪುತ್ತಿಲ್ಲ. ಅಮ್ಮ ರಾತ್ರಿ ಹೊತ್ತು "ನಾನು ಏನು ಪಾಪ ಮಾಡಿದ್ದೆ" ಎಂದು ಕೇಳುತ್ತಾರೆ. ಇದಕ್ಕೆ ಯಾರನ್ನು ಕರೆಯಬೇಕು, ಧರ್ಮಗುರುಗಳನ್ನೋ ಆಪ್ತಸಮಾಲೋಚಕರನ್ನೋ? ದಯವಿಟ್ಟು ಬರೆಯಿರಿ.

ಹಿರಿಯ ಮಗ: ಕೈಚೆಲ್ಲುವ ಮಾತನ್ನು ನಮ್ಮಲ್ಲಿ ಆಡಿದವರು ಚಿಕ್ಕಪ್ಪ, ಅದೂ ಆಸ್ಪತ್ರೆಯ ಕಾರಿಡಾರಿನಲ್ಲಿ, ಅಪ್ಪನಿಗೆ ಕೇಳಿಸುವಂತೆ. ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಹರಡಿದೆ ಎಂದು ತಿಳಿದ ಕೂಡಲೇ ನಾನು ಪ್ಯಾಲಿಯೇಟಿವ್ ತಂಡವನ್ನು ಸೇರಿಸಿಕೊಂಡೆ. ಆ ನಿರ್ಧಾರವನ್ನು ಇಂದಿಗೂ ಎದೆತಟ್ಟಿ ಹೇಳುತ್ತೇನೆ. ಬೋಸ್ಟನ್ನಿನಲ್ಲಿ ಇಂಥದೇ ಕಾಯಿಲೆಯ 151 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆಯನ್ನೂ ಪಡೆದವರ ಬದುಕಿನ ಮಧ್ಯಾಂಕ (ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 11.6 ತಿಂಗಳಿದ್ದರೆ, ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರದು 8.9 ತಿಂಗಳಿತ್ತು, ಮೊದಲ ಗುಂಪಿನಲ್ಲಿ ಖಿನ್ನತೆಯೂ ಕಡಿಮೆಯಿತ್ತು. ಚಿಕ್ಕಪ್ಪ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮನ್ನು ಹೈರಾಣಾಗಿಸಿದ್ದು ಬೇರೆಯೇ ಸಂಗತಿ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬರೆದುಕೊಟ್ಟ ಕಿರಿಯ ವೈದ್ಯರು ಜೊತೆಗೆ ಮಲಬದ್ಧತೆಯ ಔಷಧಿಯನ್ನು ಬರೆಯಲಿಲ್ಲ. ವಾಕರಿಕೆಯಾದರೆ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ, ಮಲಬದ್ಧತೆ ಮಾರ್ಫಿನ್ ಇರುವಷ್ಟು ದಿನವೂ ಬಿಡುವುದಿಲ್ಲ. ಹೊಟ್ಟೆ ಬಿಗಿದು, ಎನಿಮಾ ಕೊಡಿಸುವ ಹೊತ್ತಿಗೆ ಅಪ್ಪ ಮಾತ್ರೆಯೇ ಬೇಡವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು; ಮಾತ್ರೆ ನಿಂತಿತು, ನೋವು ಏರಿತು, ಮನೆಯವರೆಲ್ಲರ ನಿದ್ದೆ ಹೋಯಿತು. ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕಾದದ್ದನ್ನು "ನೋವು ಬಂದಾಗ ಕೊಡಿ" ಎಂದು ಔಷಧಿ ಕೊಡುವವರು ಹೇಳಿ ಕಳುಹಿಸಿದ್ದರು. ನಡುವೆ ನೋವು ಎದ್ದರೆ ದಿನದ ಒಟ್ಟು ಪ್ರಮಾಣದ ಸುಮಾರು ಆರನೇ ಒಂದು ಭಾಗವನ್ನು ಹೆಚ್ಚುವರಿಯಾಗಿ ಕೊಡಬೇಕೆಂದು ಲೆಕ್ಕ ಹಾಕಿ, ತಂಡದ ನರ್ಸ್ ಹಾಳೆಯಲ್ಲಿ ಗಂಟೆ ಸಮೇತ ಬರೆದುಕೊಟ್ಟ ಮೇಲೆಯೇ ಪರಿಸ್ಥಿತಿ ಹತೋಟಿಗೆ ಬಂದಿತು. ಧರ್ಮಗುರುಗಳ ವಿಷಯ ನನಗೆ ತಿಳಿಯದು; ಅಪ್ಪ ದೇವರನ್ನು ನಂಬಿದವರಲ್ಲ.

ರೋಗಿಯೊಬ್ಬರ ಪತ್ನಿ: ಮೇಲಿನವರು ಮಾರ್ಫಿನ್ ಬಗ್ಗೆ ನೆಗಡಿಯ ಮಾತ್ರೆಯ ಬಗ್ಗೆ ಬರೆದಂತೆ ಬರೆದಿದ್ದಾರೆ. ನನ್ನ ಯಜಮಾನರು ಅದನ್ನು ಹೆಚ್ಚಿಸಿದ ವಾರದಲ್ಲೇ ಮಂಪರಿಗೆ ಜಾರಿದರು, ಮತ್ತೆ ನನ್ನೊಡನೆ ಸರಿಯಾಗಿ ಮಾತನಾಡಲೇ ಇಲ್ಲ. ಮಕ್ಕಳಿಗೆ ಏನೋ ಹೇಳಬೇಕೆಂದು ಬೆಳಿಗ್ಗೆ ಶುರುಮಾಡಿದ ಮಾತು ಅರ್ಧಕ್ಕೇ ನಿಂತಿದೆ. ಮನೆಯಲ್ಲೇ ನೋಡಿಕೊಳ್ಳಿ ಎನ್ನುವವರು, ಮನೆಯಲ್ಲಿ ಏನೇನು ಬೇಕಾಗುತ್ತದೆಂದು ಹೇಳುವುದಿಲ್ಲ. ತಲೆಯ ಭಾಗ ಏರಿಸುವ ಮಂಚ, ಹುಣ್ಣಾಗದಂತೆ ಗಾಳಿಹಾಸಿಗೆ, ಆಮ್ಲಜನಕದ ಯಂತ್ರ, ಅದು ತಿನ್ನುವ ವಿದ್ಯುತ್ತು, ಡೈಪರ್, ಕೈಗವಸು, ರಾತ್ರಿ ನೋಡಿಕೊಳ್ಳುವವರ ಸಂಬಳ. ಐಸಿಯು ಖರ್ಚಿಗೆ ಒಪ್ಪಿದ್ದ ವಿಮೆಯವರು ಇವುಗಳಲ್ಲಿ ಒಂದಕ್ಕೂ ಒಪ್ಪಲಿಲ್ಲ. ನಾನು ಕೆಲಸ ಬಿಟ್ಟೆ, ಉಳಿತಾಯ ಕರಗಿತು. ಇದೆಲ್ಲವನ್ನೂ ಮಾಡಿಯೂ ಕೊನೆಯ ಮಾತು ಸಿಗದಿದ್ದರೆ ಎದೆಯಲ್ಲಿ ಏನಾಗುತ್ತದೆಂದು ಅಧ್ಯಯನಗಳಲ್ಲಿ ಬರೆದಿರುವುದಿಲ್ಲ.

ನಿವೃತ್ತ ನರ್ಸ್: ಅಮ್ಮಾ, ನಿಮ್ಮ ದುಃಖಕ್ಕೆ ನನ್ನಲ್ಲಿ ಗೌರವವಿದೆ. ಆದರೆ ನಿಮ್ಮ ಬರಹವನ್ನು ಓದಿ ಇನ್ನೊಂದು ಮನೆಯವರು ಮಾತ್ರೆಯನ್ನು ಬಚ್ಚಿಟ್ಟರೆ, ನರಳುವವರು ರೋಗಿಗಳು. ನೋವಿಗೆ ತಕ್ಕಂತೆ ಹಂತಹಂತವಾಗಿ ಏರಿಸಿದ ಮಾರ್ಫಿನ್ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ಮೂತ್ರಪಿಂಡ ಸೋತಾಗ ಮಾರ್ಫಿನ್ನಿನ ಅಂಶಗಳು ದೇಹದಲ್ಲಿ ಉಳಿದು ಮಂಪರು ಹೆಚ್ಚುತ್ತದೆ, ಆಗ ಪ್ರಮಾಣವನ್ನು ಇಳಿಸಬೇಕು ಅಥವಾ ಔಷಧಿಯನ್ನು ಬದಲಿಸಬೇಕು. ಹಾಗೆಯೇ ಕಾಯಿಲೆ ಮುಗಿಯುವ ಹಂತದಲ್ಲಿ ಮಾರ್ಫಿನ್ ಇಲ್ಲದವರೂ ನಿದ್ದೆಗೆ ಜಾರುತ್ತಾರೆ.

ಇನ್ನು ಪಾಪದ ಪ್ರಶ್ನೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ಹಂತದ ರೋಗಿಗಳ ಆರೈಕೆಮನೆ) ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್ ಅವರು ದೇಹ, ಮನಸ್ಸು, ಸಂಬಂಧ, ಆತ್ಮ ನಾಲ್ಕರ ನೋವನ್ನೂ ಸೇರಿಸಿ "ಒಟ್ಟು ನೋವು" ಎಂದರು, ನಾನು ಅದನ್ನು ಕಣ್ಣಾರೆ ಕಂಡವಳು. ಎಷ್ಟು ಔಷಧಿ ಕೊಟ್ಟರೂ ನೋವು ಇಳಿಯದಿದ್ದ ಒಬ್ಬ ಹಿರಿಯರು, ತಮ್ಮ ದಿಂಬಿನ ಕೆಳಗೆ ಮಡಚಿಟ್ಟಿದ್ದ ಹಳೆಯ ಕಾಗದವೊಂದನ್ನು ತೆಗೆದು ನನ್ನಿಂದ ಓದಿಸಿದರು. ಅದು ಜಗಳವಾಡಿ ದೂರವಾಗಿದ್ದ ತಮ್ಮನದು. ಉತ್ತರವನ್ನು ಅವರು ಹೇಳಿದರು, ನಾನು ಬರೆದೆ. ಅಂದು ರಾತ್ರಿ ಹೆಚ್ಚುವರಿ ಮಾತ್ರೆ ಕೇಳಲಿಲ್ಲ. ಆದ್ದರಿಂದ ಯಾರನ್ನು ಕರೆಯಬೇಕೆಂದು ಮನೆಯವರು ತೀರ್ಮಾನಿಸಬಾರದು. ನಿಮಗೆ ನಂಬಿಕೆ ಇದೆಯೇ, ಅದು ನಿಮಗೆ ಎಷ್ಟು ಮುಖ್ಯ, ನಿಮ್ಮವರೆನ್ನಿಸುವವರು ಯಾರು, ನಾವು ಏನು ಮಾಡಬೇಕು ಎಂದು ರೋಗಿಯನ್ನೇ ಕೇಳುವ ಕ್ರಮವನ್ನು ಅಮೆರಿಕದ ವೈದ್ಯೆ ಕ್ರಿಸ್ಟಿನಾ ಪುಚಾಲ್ಸ್ಕಿ ಮತ್ತು ಸಂಗಡಿಗರು 1996ರಲ್ಲೇ ರೂಪಿಸಿದ್ದಾರೆ.

ಕಿರಿಯ ಸೊಸೆ: ನಮ್ಮತ್ತೆಯವರನ್ನು ಯಾರೂ ಕೇಳಲಿಲ್ಲ. ಪ್ರಾರ್ಥನಾ ಕೂಟದವರು ದಿನವೂ ಬಂದು, ನಂಬಿಕೆ ಗಟ್ಟಿಯಾಗಿದ್ದರೆ ವಾಸಿಯಾಗುತ್ತದೆ ಎಂದರು. ಆಗಲಿಲ್ಲ, ತಮ್ಮ ನಂಬಿಕೆಯೇ ಸಾಲದೆಂದು ಕೊರಗುತ್ತಾ ಅವರು ವೆಂಟಿಲೇಟರಿನ ಮೇಲೆ ತೀರಿಕೊಂಡರು. ಮುಂದುವರಿದ ಕ್ಯಾನ್ಸರಿನ 343 ರೋಗಿಗಳ ಬಗ್ಗೆ 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೂ, ಧಾರ್ಮಿಕ ಸಮುದಾಯದ ಬೆಂಬಲ ಹೆಚ್ಚಿದ್ದವರಲ್ಲಿ ಐಸಿಯು ಸಾವು ಹೆಚ್ಚೆಂದು ಹೇಳುತ್ತದೆ.

ಪ್ರಾರ್ಥನೆಯ ಬಲ: ಅರ್ಧ ಹೇಳಿ ಅರ್ಧ ಬಿಡಬೇಡಿ. ಅದೇ ಅಧ್ಯಯನದಲ್ಲಿ, ಅಂಥವರಿಗೆ ವೈದ್ಯಕೀಯ ತಂಡದಿಂದಲೂ ಆಧ್ಯಾತ್ಮಿಕ ಆಸರೆ ಸಿಕ್ಕಾಗ ಹಾಸ್ಪಿಸ್ ಆರೈಕೆ ಹೆಚ್ಚಿ, ವೆಂಟಿಲೇಟರಿನಂಥ ಉಗ್ರ ಚಿಕಿತ್ಸೆ ಕಡಿಮೆಯಾಗಿತ್ತು. ನನ್ನ ಅಕ್ಕನ ಹಾಸಿಗೆಯ ಬಳಿ ನಾನು ಪ್ರಾರ್ಥಿಸಿದ್ದು ಪವಾಡಕ್ಕಾಗಿ ಅಲ್ಲ, ಅವಳೇ ಬೇಡಿಕೊಂಡಿದ್ದಕ್ಕೆ. ಡಾಕ್ಟರು ನಮ್ಮನ್ನು ಹೊರಗೆ ಕಳುಹಿಸಿದಾಗ ಅವಳು ನನ್ನ ಕೈಯನ್ನು ಬಿಡಲಿಲ್ಲ. ನಿಮ್ಮ ಕೂಟದವರು ತಿಳಿಗೇಡಿಗಳಾಗಿದ್ದರೆ ಅದಕ್ಕೆ ನಾವೆಲ್ಲರೂ ಹೊಣೆಯೇ?

ಕಿರಿಯ ಸೊಸೆ: ನಿಮ್ಮ ಅಕ್ಕ ಬೇಡಿಕೊಂಡರು. ನಮ್ಮತ್ತೆ ಬೇಡವೆಂದು ಕೈಸನ್ನೆ ಮಾಡಿದರೂ ಕೂಟದವರು ಏಳಲಿಲ್ಲ. ಎರಡನ್ನೂ ಒಂದೇ ಎನ್ನಬೇಡಿ.

ಹಿರಿಯ ಮಗ: ಈ ಜಗಳದಲ್ಲಿ ಮಲಬದ್ಧತೆಯ ಔಷಧಿಯ ಮಾತು ಮರೆಯಾಗದಿರಲಿ. ಕೇಳಿದವರು ಅದನ್ನು ಮೊದಲು ಬರೆಸಿಕೊಳ್ಳಲಿ.

ರೋಗಿಯೊಬ್ಬರ ಪತ್ನಿ: ನರ್ಸ್ ಅವರಿಗೆ. ಹಳೆಯ ಕಡತವನ್ನು ತೆಗೆದು ನೋಡಿದೆ. ಕೊನೆಯ ವಾರದ ವರದಿಯಲ್ಲಿ, ಮೂತ್ರಪಿಂಡ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ಏರಿದ್ದು, ಅದರ ಸುತ್ತ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದಾರೆ. ಗೆರೆ ಎಳೆದವರು ನನ್ನನ್ನು ಕೂರಿಸಿಕೊಂಡು, ಮಾತನಾಡುವುದಿದ್ದರೆ ಇಂದೇ ಮಾತನಾಡಿ ಎಂದು ಒಂದು ಮಾತು ಹೇಳಬಹುದಿತ್ತು. ನೀವು ಔಷಧಿಯ ಪರ ವಾದಿಸುತ್ತಿದ್ದೀರಿ, ನಾನು ಕೇಳುತ್ತಿರುವುದು ಆ ಒಂದು ಮಾತನ್ನು ಹೇಳುವ ಹೊಣೆ ಯಾರದಾಗಿತ್ತು ಎಂದು.