ಇ ಅಂಡ್ ಸಿ 2006 ಬ್ಯಾಚ್ ಗುಂಪಿನಲ್ಲಿ ಆರ್‌ಎಸ್-485 ಜಟಾಪಟಿ

ಮಂಜು: [ಫಾರ್ವರ್ಡ್ ಆದ ಚಿತ್ರ] ಕಿರಣ, ಆರ್‌ಎಸ್-485ಗೆ (ಒಂದೇ ಜೋಡಿ ವೈರ್ ಮೇಲೆ ಹಲವು ಸಾಧನ ಮಾತಾಡೋ ಬಸ್) ವೈರಿಂಗ್ ಚಿತ್ರ ಕೇಳಿದ್ಯಲ್ಲ, ತಗೋ. ರಾಸ್ಪ್‌ಬೆರಿ ಪೈ 4 (ಸಣ್ಣ ಲಿನಕ್ಸ್ ಕಂಪ್ಯೂಟರ್) ಒಂದು, ಬ್ಲೂ ಪಿಲ್ (ಎಸ್‌ಟಿಎಂ32 ಎಫ್103 ಚಿಪ್ ಇರೋ ಬೋರ್ಡ್) ಆರು, ಎಲ್ಲಕ್ಕೂ ಬಸ್ಸಿಗೆ ಸೇರಿಸೋಕೆ ಅದೇ ನೀಲಿ ಮ್ಯಾಕ್ಸ್485 ಮಾಡ್ಯೂಲ್. ಯಾವ ಬೋರ್ಡಿಗಾದ್ರೂ ನಡೆಯುತ್ತೆ ಅಂತ ಬರೆದಿದಾರೆ.

ಕಿರಣ: ಸೂಪರ್ ಗುರು. ನಂದು ಆರು ಪಂಪ್ ಪ್ಯಾನಲ್, ಎರಡು ಎನರ್ಜಿ ಮೀಟರ್. ಕೇಬಲ್ ಒಟ್ಟು 300 ಮೀಟರ್, ಮಾಡ್‌ಬಸ್ (ಪ್ರಶ್ನೆ-ಉತ್ತರದ ಪ್ರೋಟೋಕಾಲ್), ಸೆಕೆಂಡಿಗೆ 9600 ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯೋ ಹೆಚ್ಚುವರಿ ಬಿಟ್). ಮಾಡ್ಯೂಲ್ ಏಳು ಮನೇಲೇ ಇದೆ.

ಸವಿತಾ: ಸ್ವಲ್ಪ ತಡಿ. ಈ ಚಿತ್ರ ನೋಡ್ಕೊಂಡು ಹಾಗೇ ಕಟ್ಟಿದ್ರೆ ಮೊದಲು ಹೋಗೋದು ಪೈ. ಮ್ಯಾಕ್ಸ್485 ಅನ್ನೋದು 5 ವೋಲ್ಟ್ ಚಿಪ್, ಸಪ್ಲೈ 4.75ರಿಂದ 5.25. ಅದರ ಆರ್‌ಒ ಪಿನ್ (ಲೈನಿಂದ ಬಂದದ್ದನ್ನ ಬೋರ್ಡಿಗೆ ಕೊಡೋದು) 5ರ ಹತ್ತಿರಕ್ಕೆ ಏರುತ್ತೆ. ಚಿತ್ರದಲ್ಲಿ ಅದನ್ನ ನೇರವಾಗಿ ಪೈನ ಜಿಪಿಐಒ 15 ಪಿನ್ನಿಗೆ ಎಳೆದಿದಾರೆ. ಪೈ ಪಿನ್‌ಗಳು 3.3ರವು, 5 ವೋಲ್ಟ್ ತಡ್ಕೊಳಲ್ಲ.

ಮಂಜು: ಪೈ ಬಿಡು. ಬ್ಲೂ ಪಿಲ್‌ಗೆ ಏನೂ ಆಗಲ್ಲ ಕಣೆ, ಎಸ್‌ಟಿಎಂ32 ಐದು ವೋಲ್ಟ್ ತಡ್ಕೊಳುತ್ತೆ.

ಬಸು: ಲೇ ಮಂಜ್ಯಾ, ಎಲ್ಲಾ ಪಿನ್ ತಡಕೊಳ್ಳಂಗಿಲ್ಲ. ಎಫ್103ದಾಗ ಪಿಎ8ರಿಂದ ಪಿಎ15 ತನಕ ಐದು ವೋಲ್ಟ್ ನಡೀತೈತಿ, ಪಿಎ0ದಿಂದ ಪಿಎ7ಕ್ಕ ಇಲ್ಲ. ಆ ಚಿತ್ರ ದೊಡ್ಡದು ಮಾಡಿ ನೋಡು, ಆರ್‌ಒ ಪಿಎ3ಕ್ಕ ಹೋಗೇತಿ. ಯುಸಾರ್ಟ್ 1 (ಚಿಪ್ಪಿನ ಇನ್ನೊಂದು ಸೀರಿಯಲ್ ಪೋರ್ಟ್) ಬಳಸಿ ಪಿಎ10ಕ್ಕ ಕೊಟ್ಟಿದ್ರ ಮಾತು ಬ್ಯಾರೆ ಇತ್ತು.

ಮಂಜು: ಸರಿ, ಮಾಡ್ಯೂಲಿಗೇ 3.3 ಕೊಟ್ರಾಯ್ತು. ಎಷ್ಟೋ ಜನ ಹಾಗೇ ಓಡಿಸ್ತಿದಾರೆ.

ಸವಿತಾ: ಮೇಜಿನ ಮೇಲೆ ಅರ್ಧ ಮೀಟರ್ ವೈರಿಗೆ ಓಡುತ್ತೆ. 4.75ರ ಕೆಳಗೆ ಡೇಟಾಶೀಟ್ ಯಾವ ಭರವಸೇನೂ ಕೊಡಲ್ಲ, ಲೈನ್ ಮೇಲಿನ ಸಿಗ್ನಲ್ ಕುಗ್ಗುತ್ತೆ. ಇನ್ನೊಂದು: ಆ ಮಾಡ್ಯೂಲ್ ಪ್ರತಿಯೊಂದರಲ್ಲೂ ಎ-ಬಿ (ಬಸ್ಸಿನ ಎರಡು ವೈರ್) ಮಧ್ಯೆ 120 ಓಂ ಟರ್ಮಿನೇಷನ್, ಅಂದ್ರೆ ತುದಿ ರೆಸಿಸ್ಟರ್, ಕೂತಿದೆ, ಮೇಲೆ 121 ಅಂತ ಅಚ್ಚಾಗಿರೋದು. ಏಳೂ ಸೇರಿದ್ರೆ ಪ್ಯಾರಲಲ್ಲಾಗಿ 17 ಓಂ. ಡ್ರೈವರ್ 1.5 ವೋಲ್ಟ್ ಕೊಡ್ತೀನಿ ಅನ್ನೋದು 54 ಓಂ ಲೋಡಿಗೆ. ಎರಡು ತುದೀಲಿ ಮಾತ್ರ ಉಳಿಸಿ, ಮಧ್ಯದವನ್ನ ಕಿತ್ತು ಹಾಕಬೇಕು.

ಕಿರಣ: ಹಾಗಾದ್ರೆ ಯಾವ ಚಿಪ್ ತಗೊಳ್ಲಿ?

ಸವಿತಾ: 3.3ಕ್ಕೆ ಅಂತಲೇ ಮಾಡಿದ್ದು. ಎಲ್ರೂ ಮ್ಯಾಕ್ಸ್3485 ಅಂತಾರೆ. ಅದು 10 ಎಂಬಿಪಿಎಸ್ ಚಿಪ್, 9600ಕ್ಕೆ ಅಷ್ಟು ಚುರುಕು ಬೇಕಿಲ್ಲ. ಅಂಚು ಚೂಪಾದಷ್ಟೂ ಪ್ಯಾನಲ್ ಒಳಗಿನ ಕವಲು ವೈರುಗಳಲ್ಲಿ ರಿಫ್ಲೆಕ್ಷನ್ (ಸಿಗ್ನಲ್ ತಿರುಗಿ ಬರೋದು) ಜಾಸ್ತಿ. ಮ್ಯಾಕ್ಸ್3483 ಇಲ್ಲಾ ಎಸ್‌ಎನ್65ಎಚ್‌ವಿಡಿ72 ಹಾಕು. ಎರಡೂ 250 ಕೆಬಿಪಿಎಸ್, ಎಂಟು ಪಿನ್ನಿನ ಜೋಡಣೆ ಅದೇ. ಡಿಇ (ಡ್ರೈವರ್ ಆನ್ ಮಾಡೋ) ಪಿನ್ನಿಗೆ 10ಕೆ ಪುಲ್-ಡೌನ್ (ಗ್ರೌಂಡಿಗೆ ಎಳೆಯೋ ರೆಸಿಸ್ಟರ್) ಮರೀಬೇಡ, ಇಲ್ಲಾಂದ್ರೆ ಬೋರ್ಡ್ ಬೂಟ್ ಆಗೋವಷ್ಟು ಹೊತ್ತು ಡ್ರೈವರ್ ಆನ್ ಆಗಿ ಇಡೀ ಬಸ್ ಹಿಡ್ಕೊಂಡು ಕೂರಬಹುದು.

ಮಂಜು: ಡಿಇ ತಲೆನೋವೇ ಬೇಡ ಅಂದ್ರೆ ಆಟೋ ಡೈರೆಕ್ಷನ್ ಮಾಡ್ಯೂಲ್ ಇದೆಯಲ್ಲ. ಟಿಎಕ್ಸ್, ಆರ್‌ಎಕ್ಸ್, ಮುಗೀತು.

ಭಟ್ರು: ಅದು ಬೇಡ ಮಾರಾಯ. ಅಗ್ಗದವುಗಳಲ್ಲಿ 0 ಕಳಿಸುವಾಗ ಮಾತ್ರ ಡ್ರೈವರ್ ಆನ್. 1 ಬಂದರೆ ಡ್ರೈವರ್ ಕೈಬಿಡ್ತದೆ, ಲೈನನ್ನು ಎತ್ತುವುದು ಬಯಾಸ್ ರೆಸಿಸ್ಟರ್. ಉದ್ದ ಕೇಬಲ್‌ನಲ್ಲಿ ಅಂಚು ಎಳೆದು ಬಿಟ್ ಕೆಡ್ತದೆ.

ಸವಿತಾ: ಭಟ್ರೇ, ಬೇಡ ಅನ್ನೋದು ಸರಿ, ಕಾರಣ ಅದಲ್ಲ. ಮೀಟರಿಗೆ 50 ಪಿಕೋಫ್ಯಾರಡ್ ಹಿಡೀರಿ, 300 ಮೀಟರಿಗೆ 15 ನ್ಯಾನೋ. ಎರಡು ಟರ್ಮಿನೇಷನ್ ಸೇರಿ 60 ಓಂ. ಗುಣಿಸಿದ್ರೆ ಒಂದು ಮೈಕ್ರೋಸೆಕೆಂಡೂ ಇಲ್ಲ. 9600ರಲ್ಲಿ ಬಿಟ್ 104 ಮೈಕ್ರೋಸೆಕೆಂಡ್. ತೊಂದ್ರೆ ಇರೋದು ಮಟ್ಟದಲ್ಲಿ. ಡ್ರೈವರ್ ತಳ್ಳಿದ್ರೆ 1.5 ವೋಲ್ಟ್, ಬಯಾಸ್ ಒಂದೇ ಹಿಡಿದ್ರೆ 0.2ರ ಆಸುಪಾಸು. ಪಕ್ಕದಲ್ಲೇ ಕಾಂಟ್ಯಾಕ್ಟರ್ ಕಟಕ್ ಅಂದ್ರೆ ಸಾಕು.

ಭಟ್ರು: ಒಪ್ಪಿದೆ.

ಮಂಜು: ಮನೆ ಒಳಗೆ ಹತ್ತು ಮೀಟರ್ ಆದ್ರೆ?

ಸವಿತಾ: ಹಾಕ್ಕೋ, ಯಾರು ಬೇಡ ಅಂದ್ರು? ಪಂಪ್ ಮನೇಲಿ ಬೇಡ.

ಭಟ್ರು: ಪೈ ಕಡೆಯದ್ದು ನಾನು ಹೇಳ್ತೇನೆ. ಪೈ 4ರಲ್ಲಿ ಒಳ್ಳೆಯ ಯುಆರ್ಟ್ (ಸೀರಿಯಲ್ ಪೋರ್ಟ್) ಆದ ಪಿಎಲ್011 ಬ್ಲೂಟೂತ್‌ಗೆ ಹೋಗಿರ್ತದೆ, ಪಿನ್ 14, 15ರಲ್ಲಿ ಸಿಗುವುದು ಮಿನಿ ಯುಆರ್ಟ್. ಅದಕ್ಕೆ ಪ್ಯಾರಿಟಿಯೇ ಇಲ್ಲ. ಕಿರಣನ ಮೀಟರ್ ಈವನ್ ಪ್ಯಾರಿಟಿ ಅಂತೆ, ಮತ್ತೆ ಎಂತ ಮಾತಾಡುವುದು? ಕಾನ್ಫಿಗ್ ಫೈಲಿನಲ್ಲಿ ಡಿಸೇಬಲ್-ಬಿಟಿ ಓವರ್‌ಲೇ ಹಾಕಿ, ಸೀರಿಯಲ್ ಕನ್ಸೋಲ್ ತೆಗೆದು, ರೀಬೂಟ್. ಆಗ ಪಿಎಲ್011 ಆ ಪಿನ್ನುಗಳಿಗೆ ಬರ್ತದೆ.

ಕಿರಣ: ಡಿಇಗೆ ಪೈಥಾನ್‌ನಲ್ಲಿ ಒಂದು ಸ್ಲೀಪ್ ಹಾಕಿದ್ರೆ ಸಾಕಾಗಲ್ವಾ? ಚಿತ್ರದ ಜೊತೆ ಕೋಡೂ ಇತ್ತು.

ಭಟ್ರು: ಲೆಕ್ಕ ನೋಡು. ಅಕ್ಷರಕ್ಕೆ 11 ಬಿಟ್, ಅಂದರೆ 1.15 ಮಿಲಿಸೆಕೆಂಡ್. ಎಂಟು ಬೈಟಿನ ಪ್ರಶ್ನೆಗೆ 9.2. ಡಿಇ ಬೇಗ ಬೀಳಿಸಿದರೆ ಸಿಆರ್‌ಸಿಯ (ತಪ್ಪು ಹಿಡಿಯುವ ಮೊತ್ತ) ಕೊನೆ ಬೈಟ್ ತುಂಡು, ಮೀಟರ್ ಸುಮ್ಮನಾಗ್ತದೆ. ತಡ ಮಾಡಿದರೆ ಉತ್ತರದ ಮೊದಲ ಬೈಟ್ ಹೋಗ್ತದೆ. ನಡುವೆ ಸಿಗುವುದು ಮೂರೂವರೆ ಅಕ್ಷರದ ಮೌನ, 4 ಮಿಲಿಸೆಕೆಂಡ್. ಲಿನಕ್ಸ್ ಸ್ಲೀಪ್ ಅಷ್ಟು ಕರಾರುವಾಕ್ಕಾಗಿ ಏಳ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹೊಸ ಕರ್ನಲ್‌ನಲ್ಲಿ ಪಿಎಲ್011 ಡ್ರೈವರಿಗೇ ಆರ್‌ಎಸ್485 ಮೋಡ್ ಉಂಟು, ಪೈಥಾನ್‌ನ ಪೈಸೀರಿಯಲ್‌ನಿಂದಲೇ ಆನ್ ಮಾಡಬಹುದು. ಆ ಮೋಡ್ ಆಡಿಸುವ ಆರ್‌ಟಿಎಸ್ ಸಿಗ್ನಲನ್ನು ಜಿಪಿಐಒ 17ಕ್ಕೆ ತಂದು ಡಿಇಗೆ ಕೊಡು. ಆಮೇಲೆ ಮಲ್ಟಿಮೀಟರ್ ಹಿಡಿ: ಏನೂ ಕಳಿಸದಾಗ ಡಿಇ 0 ಇರಬೇಕು. 3.3 ಕಂಡರೆ ಪೋಲಾರಿಟಿ ತಿರುಗು ಮುರುಗು.

ಬಸು: ಬ್ಲೂ ಪಿಲ್‌ದಾಗೂ ಇದ ಕಥಿ. ಎಫ್103ಕ್ಕ ಹಾರ್ಡ್‌ವೇರ್ ಡಿಇ ಇಲ್ಲ, ಎಸ್‌ಟಿಎಂ32ದ ಜಿ0, ಎಲ್4 ಚಿಪ್‌ದಾಗ ಐತಿ. ಟಿಎಕ್ಸ್‌ಇ ಫ್ಲ್ಯಾಗ್ ನೋಡಿ ಡಿಇ ಇಳಿಸಬ್ಯಾಡ. ಅದು ಬಫರ್ ಖಾಲಿ ಅಂತಷ್ಟ ಹೇಳತೈತಿ, ಕಡೀ ಬೈಟ್ ಇನ್ನೂ ಶಿಫ್ಟ್ ರಿಜಿಸ್ಟರ್‌ದಾಗ ಇರ್ತದ. ಟಿಸಿ (ಎಲ್ಲಾ ಹೊರಗ ಹೋತು ಅನ್ನೂ ಫ್ಲ್ಯಾಗ್) ಬರೂತನಾ ಕಾಯಿ. ಪ್ಯಾರಿಟಿ ಹಚ್ಚಿದಾಗ ವರ್ಡ್ ಲೆಂತ್ 9 ಮಾಡು. ಅದನ್ನ 8ಕ್ಕ ಬಿಟ್ಟರ ಪ್ಯಾರಿಟಿ ಎಂಟನೇ ಬಿಟ್ ನುಂಗತೈತಿ, ಡೇಟಾ ಏಳ ಬಿಟ್ ಆಗ್ತದ. ಪ್ಯಾರಿಟಿ ಇಲ್ಲದ ಟೆಸ್ಟ್‌ದಾಗ ಇದು ಗೊತ್ತಾಗಂಗೇ ಇಲ್ಲ.

ಕಿರಣ: ಬಯಾಸ್ ಎಷ್ಟು ಹಾಕ್ಲಿ?

ಸವಿತಾ: ಪೈ ಕಡೆ ಮಾತ್ರ, ಒಂದೇ ಜಾಗ. ಎ ಇಂದ 3.3ಕ್ಕೆ 390 ಓಂ, ಬಿ ಇಂದ ಗ್ರೌಂಡಿಗೆ 390. 60 ಓಂ ಮೇಲೆ 0.236 ವೋಲ್ಟ್ ಬೀಳುತ್ತೆ, ಬೇಕಿರೋದು 0.2. ಎ-ಬಿ ಜೊತೆ ಮೂರನೇ ವೈರ್ ಗ್ರೌಂಡ್ ಕಡ್ಡಾಯ, ಎರಡೇ ವೈರ್ ಸಾಕು ಅಂತ ಆ ಚಿತ್ರ ಹೇಳೋದು ಸುಳ್ಳು. ಬಸ್ಸಿನ ಮಿತಿ ಗ್ರೌಂಡಿಗೆ ಹೋಲಿಸಿ ಮೈನಸ್ 7ರಿಂದ ಪ್ಲಸ್ 12 ವೋಲ್ಟ್. ಪಂಪ್ ಪ್ಯಾನಲ್ಲುಗಳ ಅರ್ತ್ ಒಂದೊಂದು ಒಂದೊಂದು ಕಡೆ ಇದ್ರೆ ಅದು ದಾಟೋಕೆ ಹೊತ್ತು ಬೇಕಿಲ್ಲ. ದುಡ್ಡಿದ್ರೆ ಎಡಿಎಂ2587ಇ ಚಿಪ್ ಹಾಕು, ಐಸೊಲೇಷನ್ (ಬೋರ್ಡಿನ ಗ್ರೌಂಡ್, ಬಸ್ಸಿನ ಗ್ರೌಂಡ್ ಬೇರೆ ಬೇರೆ ಇಡೋದು) ಅದರ ಒಳಗೇ ಇದೆ. ಇಲ್ಲದಿದ್ರೆ ಪ್ರತಿ ಬೋರ್ಡಿಗೂ ಒಂದು ಎಸ್‌ಎಂ712 (ಸರ್ಜ್ ತಡೆಯೋ ಡಯೋಡ್) ಆದ್ರೂ ಇರಲಿ.

ಮಂಜು: ಐವತ್ತು ರೂಪಾಯಿ ಕೆಲಸ ಐದು ಸಾವಿರಕ್ಕೆ ತಂದ್ರಿ 😀

ಬಸು: ಮತ್ತ ನೀ ಹೋಗಿ ಆರೂ ಪ್ಯಾನಲ್ ದಿನಾ ರೀಸೆಟ್ ಮಾಡ್ತಿಯೇನಲೇ?

ಕಿರಣ: ಮೀಟರ್ ಮೇಲೆ ಎ, ಬಿ ಅಂತಲೇ ಇದೆ. ಎಗೆ ಎ ಕೊಟ್ರೆ ಆಯ್ತಲ್ವಾ?

ಸವಿತಾ: ನಂಬಬೇಡ. ಕೆಲವರು ಚಿಪ್ಪಿನ ಎ ಇರೋ ಕಡೆ ಬಿ ಅಂತ ಬರೀತಾರೆ. ಉತ್ತರ ಬರದಿದ್ರೆ ಆ ಮೀಟರ್ ಹತ್ರ ಎರಡು ವೈರ್ ಅದಲು ಬದಲು ಮಾಡಿ ನೋಡು, ಏನೂ ಸುಡಲ್ಲ.