ಸಂತ ಪೌಲರ ಹಾದಿಯಲ್ಲಿ ರಸ್ತೆ ಮತ್ತು ಹಡಗು: ಹೋಗಿ ಬಂದವರು ದಯವಿಟ್ಟು ತಿಳಿಸಿ

ಕೇಳುತ್ತಿರುವವರು, ಮಂಗಳೂರು:
ಸಂತ ಪೌಲರು ಯೇಸುವಿನ ಸಂದೇಶ ಸಾರಿದ ಊರುಗಳನ್ನು ನೋಡಲು ನಮ್ಮ ಧರ್ಮಕೇಂದ್ರದ ಎರಡು ವಾಳೆಯವರು (ವಾರ್ಡಿನವರು) ಸೇರಿ 26 ಮಂದಿ ಗ್ರೀಸ್‌ಗೆ ಹೊರಡುವ ಯೋಚನೆಯಲ್ಲಿದ್ದೇವೆ. ಹಿರಿಯರಿಗೆ 78, ಕಿರಿಯವಳಿಗೆ 9. ಒಬ್ಬರು ಫಾದರ್ ಜೊತೆಗಿರುತ್ತಾರೆ. ಥೆಸಲೋನಿಕಿಯಲ್ಲಿ ಇಳಿದು ಫಿಲಿಪ್ಪಿ, ವೆರಿಯಾ, ಮೆಟಿಯೋರಾ, ಅಥೆನ್ಸ್, ಕೊರಿಂಥ ಇಷ್ಟನ್ನೂ ನಾಲ್ಕು ದಿನಗಳಲ್ಲಿ ಬಸ್ಸಿನಲ್ಲಿ ನೋಡಿ, ಪಿರೇಯಸ್ ಬಂದರಿನಿಂದ ನಾಲ್ಕು ರಾತ್ರಿಯ ಕ್ರೂಸ್ ಹತ್ತಬೇಕೆಂದಿದೆ. ಕುಶಾದಾಸಿಯಲ್ಲಿ ಇಳಿದು ಎಫೆಸ ಮತ್ತು ಮಾತೆ ಮರಿಯಮ್ಮನವರ ಮನೆ, ಸಂಜೆ ಪತ್ಮೋಸ್ ದ್ವೀಪ. ಕೆಲವರು ದುಬೈ, ಕುವೈತ್‌ನಿಂದ ನೇರವಾಗಿ ಬಂದು ಸೇರುವವರು. ಹಡಗಿನಲ್ಲಿ ಬಲಿಪೂಜೆ (ಮಾಸ್) ಅರ್ಪಿಸಬಹುದೇ? ಮೊಣಕಾಲು ನೋವಿನವರು ಐವರಿದ್ದಾರೆ, ಅವರಿಗೆ ಈ ದಾರಿ ಹೊಂದುತ್ತದೆಯೇ?

ಕುವೈತ್‌ನಿಂದ ಒಬ್ಬರು:
ಎಲ್ಲಕ್ಕಿಂತ ಮೊದಲು ವೀಸಾ. ಕುಶಾದಾಸಿ ಇರುವುದು ಟರ್ಕಿಯಲ್ಲಿ. ಹಡಗು ಗ್ರೀಸ್ ಬಿಟ್ಟು ಟರ್ಕಿ ಮುಟ್ಟಿ ಮತ್ತೆ ಗ್ರೀಸ್‌ಗೆ ಬರುತ್ತದೆ. ಆದ್ದರಿಂದ ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾ ಹಲವು ಪ್ರವೇಶದ್ದೇ ಆಗಿರಬೇಕು. ನಮ್ಮ ಗುಂಪಿನ ದಂಪತಿಗೆ ಏಜೆಂಟರು ಒಂದೇ ಪ್ರವೇಶದ ವೀಸಾ ಮಾಡಿಸಿಕೊಟ್ಟಿದ್ದರು. ಬಂದರಿನ ಕೌಂಟರಿನಲ್ಲಿ ಅದು ಗೊತ್ತಾಯಿತು. ಅವರನ್ನು ಹಡಗು ಹತ್ತಿಸಲಿಲ್ಲ. ಇಬ್ಬರೂ ನಾಲ್ಕು ದಿನ ಅಥೆನ್ಸ್‌ನ ಹೋಟೆಲಿನಲ್ಲಿ ಕುಳಿತರು. ಆ ಅಕ್ಕ ಎಫೆಸಕ್ಕಾಗಿ ವರ್ಷಗಟ್ಟಲೆ ಹಣ ಕೂಡಿಟ್ಟಿದ್ದರು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಒಬ್ಬೊಬ್ಬರ ವೀಸಾ ಪುಟವನ್ನೂ ನೀವೇ ಓದಿ ನೋಡಿ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಕೊಡಬಹುದು. ಗಲ್ಫ್‌ನಲ್ಲಿ ನೆಲೆಸಿರುವವರು ಅಲ್ಲಿಂದಲೇ ಅರ್ಜಿ ಹಾಕಬೇಕು, ಊರಿನವರ ಕಂತೆಯೊಳಗೆ ಸೇರಿಸಲಾಗದು. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಟರ್ಕಿಗೂ ನಿಮ್ಮ ಗುಂಪಿಗೆ ಏನು ಬೇಕೆಂದು ಹಡಗಿನ ಕಂಪನಿಯಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಎರಡು ಸಲ ಗುಂಪು ಕರೆದೊಯ್ದವರು, ಉಡುಪಿ:
ನಿಮ್ಮ ನಾಲ್ಕು ದಿನ ಸಾಲದು, ಐದು ಮಾಡಿ. ಥೆಸಲೋನಿಕಿಯಿಂದ ಫಿಲಿಪ್ಪಿಗೆ ಸುಮಾರು 160 ಕಿಲೋಮೀಟರ್, ಅಂದರೆ ಹೋಗಿ ಬರುವುದಕ್ಕೇ ಒಂದು ದಿನ. ಮಾರನೆಯ ದಿನ ವೆರಿಯಾ ನೋಡಿಕೊಂಡು ಮೆಟಿಯೋರಾದ ಬುಡದ ಕಲಂಬಾಕ ಊರಿನಲ್ಲಿ ರಾತ್ರಿ ತಂಗುವುದು. ಮೂರನೆಯ ದಿನ ಮೆಟಿಯೋರಾದಲ್ಲಿ ಒಂದೇ ಒಂದು ಮಠ ನೋಡಿ ಅಥೆನ್ಸ್ ದಾರಿ ಹಿಡಿಯುವುದು. ನಾಲ್ಕನೆಯದು ಕೊರಿಂಥಕ್ಕೆ, ಐದನೆಯದು ಅಥೆನ್ಸ್‌ಗೆ. ಹಡಗು ಹೊರಡುವ ದಿನ ಬೆಳಿಗ್ಗೆ ಎಲ್ಲಿಗೂ ಹೋಗಬೇಡಿ. ಹಡಗು ಯಾರಿಗಾಗಿಯೂ ಕಾಯುವುದಿಲ್ಲ.

ಅಲ್ಲಿನ ಬಸ್ಸಿನ ಚಾಲಕರನ್ನು "ಇನ್ನೊಂದು ಗಂಟೆ ಓಡಿಸಿ" ಎಂದು ಕೇಳಿಕೊಳ್ಳುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ, ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಯ ಮಿತಿ. ಯುರೋಪಿನ ಕಾನೂನೇ ಹಾಗಿದೆ. ನಮ್ಮವರು ಇದನ್ನು ಚಾಲಕರ ಹಟವೆಂದು ತಿಳಿದು ಮುನಿಸಿಕೊಳ್ಳುತ್ತಾರೆ. ಹೊರಡುವ ಮುಂಚಿನ ಸಭೆಯಲ್ಲೇ ಹೇಳಿಬಿಡಿ.

ಫಿಲಿಪ್ಪಿಯನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯದಲ್ಲಿ ಕೆನ್ನೀಲಿ ಬಟ್ಟೆಯ ವ್ಯಾಪಾರಿ ಲಿದಿಯ ದೀಕ್ಷಾಸ್ನಾನ ಪಡೆದಳಲ್ಲ, ಆ ಹೊಳೆ ಎಂದು ತೋರಿಸುವ ಜಾಗ ಅಲ್ಲಿದೆ. ಚಿಕ್ಕ ಹೊಳೆ, ನೀರು ತಿಳಿ, ಇಳಿಯಲು ಕಲ್ಲಿನ ಮೆಟ್ಟಿಲು. ನಮ್ಮ ಜೊತೆ ಬಂದಿದ್ದ 74ರ ಬಾಯಮ್ಮ ಒಬ್ಬರು ಬಸ್ಸಿನಿಂದ ಇಳಿಯುವುದೇ ಬೇಡವೆಂದು ಕುಳಿತಿದ್ದರು. ಮಗಳು ಸೀರೆಯ ನೆರಿಗೆ ಎತ್ತಿ ಹಿಡಿದು ಕೊನೆಯ ಮೆಟ್ಟಿಲಲ್ಲಿ ಕೂರಿಸಿದಳು. ಪಾದ ನೀರಿಗೆ ತಾಗಿದ್ದೇ, ಫಾದರ್ ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ಕೇಳುವ ಮೊದಲೇ, ಅವರು ಕಣ್ಣು ಮುಚ್ಚಿ ವಿಶ್ವಾಸ ಸಂಗ್ರಹದ ಪ್ರಾರ್ಥನೆ ಶುರು ಮಾಡಿದ್ದರು. ಉಳಿದವರೆಲ್ಲ ಅವರ ದನಿಗೆ ದನಿ ಸೇರಿಸಿದೆವು. ಅಲ್ಲಿಗೆಂದು ನಾವು ಇಟ್ಟಿದ್ದು 20 ನಿಮಿಷ, ಕಳೆದದ್ದು ಒಂದು ಗಂಟೆ. ಅದಕ್ಕೇ ಹೇಳುವುದು, ವೇಳಾಪಟ್ಟಿಯಲ್ಲಿ ದಿನಕ್ಕೆ ಎರಡೇ ಜಾಗ ಬರೆಯಿರಿ. ನಿಮ್ಮ ಗುಂಪಿನ 78ರ ಹಿರಿಯರ ನಡಿಗೆಗೆ ಸರಿಹೊಂದಿದ ದಾರಿ ಉಳಿದ ಎಲ್ಲರಿಗೂ ಹೊಂದುತ್ತದೆ.

ಮೆಟ್ಟಿಲಿನ ವಿಷಯ. ಮೆಟಿಯೋರಾದಲ್ಲಿ ಸಂತ ಸ್ಟೀಫನರ ಮಠಕ್ಕೆ ಹೋಗಿ. ರಸ್ತೆಯಿಂದ ಸೇತುವೆ ದಾಟಿದರೆ ಒಳಗೆ, ಹತ್ತುವ ಕಷ್ಟವಿಲ್ಲ. ಆದರೆ ಪ್ರತಿ ಮಠಕ್ಕೂ ವಾರದಲ್ಲಿ ಬೇರೆ ಬೇರೆ ರಜೆ, ಅದನ್ನು ನೋಡಿಯೇ ದಿನ ಗೊತ್ತುಮಾಡಿ. ಅಥೆನ್ಸ್‌ನಲ್ಲಿ ಪೌಲರು ಮಾತನಾಡಿದ ಅರಿಯೊಪಾಗದ ಬಂಡೆ ಸವೆದು ನುಣುಪಾಗಿ ಜಾರುತ್ತದೆ. ಮೊಣಕಾಲು ನೋವಿನವರು ಕೆಳಗೇ ನಿಂತು ಆ ಮಾತು ಬರುವ ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯ ಓದಲಿ. ಕೊರಿಂಥ ಬಹುಮಟ್ಟಿಗೆ ಸಮತಟ್ಟು, ಎಲ್ಲರೂ ನಡೆಯಬಹುದು. ಎಫೆಸದಲ್ಲಿ ಮೇಲಿನ ದ್ವಾರದಿಂದ ಒಳಹೊಕ್ಕು ಕೆಳಗಿನ ದ್ವಾರದಿಂದ ಹೊರಬರುವ ಏರ್ಪಾಡು ಮಾಡಿಸಿ, ಬಸ್ಸು ಕೆಳಗೆ ಕಾಯಲಿ. ಇಳಿಜಾರಿನಲ್ಲೂ ಅಮೃತಶಿಲೆ ಜಾರುತ್ತದೆ, ಚಪ್ಪಲಿ ಬೇಡ, ಶೂ ಹಾಕಿ.

ಬೆಂಗಳೂರಿನಿಂದ ಒಬ್ಬ ಗುರುಗಳು:
ಬಲಿಪೂಜೆಯ ಬಗ್ಗೆ. ಹಡಗಿನಲ್ಲಿ ಖಂಡಿತ ಅರ್ಪಿಸಬಹುದು. ಬುಕಿಂಗ್ ಮಾಡುವಾಗಲೇ ಗುಂಪಿಗೆ ಒಂದು ಸಭಾಕೊಠಡಿ, ದಿನಕ್ಕೆ ಒಂದು ಗಂಟೆ ಬೇಕೆಂದು ಕೇಳಿ. ಹಡಗಿನಲ್ಲಿ ಬೆಂಕಿ ಹೊತ್ತಿಸಲು ಬಿಡುವುದಿಲ್ಲ. ಮೇಣದ ಬತ್ತಿಗೆ ಬದಲು ಬ್ಯಾಟರಿಯ ದೀಪ ಒಯ್ಯಿರಿ, ಧೂಪ ಬೇಡ. ಓಸ್ತಿ (ಪೂಜೆಯ ರೊಟ್ಟಿ), ದ್ರಾಕ್ಷಾರಸ, ಪೀಠದ ಬಟ್ಟೆ, ಚಿಕ್ಕ ಪೂಜಾಗ್ರಂಥ ಫಾದರ್ ಅವರ ಕೈಚೀಲದಲ್ಲೇ ಇರಲಿ. ಬಿಷಪರ ಕಚೇರಿಯಿಂದ ಗುರುತುಪತ್ರ ಅವರ ಬಳಿ ಇರಲೇಬೇಕು. ಅಥೆನ್ಸ್‌ನಲ್ಲಿ ಅರಿಯೊಪಾಗದ ಸಂತ ದಿಯೊನೀಸಿಯಸರ ಹೆಸರಿನ ಕಥೋಲಿಕ ಪ್ರಧಾನಾಲಯವಿದೆ, ಅಲ್ಲಿ ಪೂಜೆಗೆ ಮೊದಲೇ ಬರೆದು ಕೇಳಿ.

ಮರಿಯಮ್ಮನವರ ಮನೆಯನ್ನು ಕಪುಚಿನ್ ಸಭೆಯ ಸನ್ಯಾಸಿಗಳು ನೋಡಿಕೊಳ್ಳುತ್ತಾರೆ. ಗುಂಪಿನ ಪೂಜೆಗೆ ಹೊರಗೆ ಮರದಡಿಯಲ್ಲಿ ಪೀಠವಿದೆ; ಸಮಯವನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. 1967ರಲ್ಲಿ ಆರನೇ ಪೌಲ್, 1979ರಲ್ಲಿ ಎರಡನೇ ಜಾನ್ ಪೌಲ್, 2006ರಲ್ಲಿ ಹದಿನಾರನೇ ಬೆನೆಡಿಕ್ಟ್ ಹೀಗೆ ಮೂವರು ಪೋಪರು ಅಲ್ಲಿಗೆ ಬಂದಿದ್ದಾರೆ. ಮುಸ್ಲಿಮರೂ ಅಷ್ಟೇ ಭಕ್ತಿಯಿಂದ ಬರುತ್ತಾರೆ, ಸಾಲಿನಲ್ಲಿ ನಿಮ್ಮ ಮುಂದೆಯೇ ನಿಂತಿರುತ್ತಾರೆ. ಮೆಟಿಯೋರಾ ಮತ್ತು ಪತ್ಮೋಸ್‌ನಲ್ಲಿರುವುದು ಆರ್ಥೊಡಾಕ್ಸ್ ಸಭೆಯ ಮಠಗಳು. ಅಲ್ಲಿ ನಾವು ಪೂಜೆ ಅರ್ಪಿಸುವುದು, ಪರಮಪ್ರಸಾದ ಸ್ವೀಕರಿಸುವುದು ಇಲ್ಲ. ಮೌನವಾಗಿ ಪ್ರಾರ್ಥಿಸಿ ಬನ್ನಿ. ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕು.

ಕೇಳಿದವರು:
ತುಂಬಾ ಉಪಕಾರವಾಯಿತು. ಐದು ದಿನವೆಂದು ತಿದ್ದಿಕೊಂಡೆವು. ಎಫೆಸಕ್ಕೆ ಹಡಗಿನವರ ಪ್ರವಾಸವೇ ಸಾಕೇ, ಹೊರಗಿನ ಬಸ್ಸು ಗೊತ್ತುಮಾಡಬೇಕೇ? ಮತ್ತೆ, ರಜೆ ಸಿಗುವುದು ಸೆಪ್ಟೆಂಬರ್ ಮೊದಲ ವಾರದಿಂದ ಮಾತ್ರ. ಮೊಂತಿ ಹಬ್ಬ (ಮಾತೆ ಮರಿಯಮ್ಮನವರ ಜನ್ಮದಿನ, ಹೊಸ ತೆನೆಯ ಹಬ್ಬ) ಹಡಗಿನಲ್ಲೇ ಬರುತ್ತದೆ. ಅಮ್ಮನಿಗೆ ಅದೇ ಚಿಂತೆ.

ಉಡುಪಿಯವರು:
ಬೆಳಿಗ್ಗೆ ಕುಶಾದಾಸಿ, ಸಂಜೆ ಪತ್ಮೋಸ್ ಎಂದರೆ ಕೈಗೆ ಸಿಗುವುದು ಅರ್ಧ ದಿನ. ಹಡಗಿನವರ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಆದರೆ ಅದರಲ್ಲಿ ಪೂಜೆಗೆ ಸಮಯವಿರದು. ನಾವು ಹೊರಗಿನ ಬಸ್ಸನ್ನೇ ಹಿಡಿದೆವು. ಮೊದಲು ಮರಿಯಮ್ಮನವರ ಮನೆಯಲ್ಲಿ ಪೂಜೆ, ಆಮೇಲೆ ಎಫೆಸ, ಹಡಗಿನ ಗಡುವಿಗೆ ಒಂದೂವರೆ ಗಂಟೆ ಮೊದಲೇ ಬಂದರಿನಲ್ಲಿ. ಕಾರ್ಪೆಟ್ ಅಂಗಡಿಗೆ ಕರೆದೊಯ್ಯಬಾರದೆಂದು ಕರಾರಿನಲ್ಲೇ ಬರೆಸಿ. ಪತ್ಮೋಸ್‌ನಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಸಣ್ಣ ದೋಣಿಗೆ ಇಳಿಯಬೇಕು. ಗಾಳಿ ಜೋರಾದರೆ ಆ ನಿಲುಗಡೆಯೇ ರದ್ದಾಗಬಹುದು, ಎಲ್ಲರಿಗೂ ಮೊದಲೇ ತಿಳಿಸಿಡಿ. ಇಳಿದರೆ ಸಂತ ಯೊವಾನ್ನರಿಗೆ ದರ್ಶನವಾಯಿತೆಂದು ಹೇಳುವ ಗುಹೆಯನ್ನು ಅವಸರವಿಲ್ಲದೆ ನೋಡಿ. ಅವರು ತಲೆಯಿಟ್ಟು ಮಲಗುತ್ತಿದ್ದರೆಂದು ಹೇಳುವ ಬಂಡೆಯ ಗೂಡಿಗೆ ಬೆಳ್ಳಿಯ ಬಳೆ ಹಾಕಿದ್ದಾರೆ.

ದುಬೈಯಿಂದ ಒಬ್ಬರು:
ಅಮ್ಮನಿಗೆ ಚಿಂತೆ ಬೇಡವೆನ್ನಿ. ಒಮ್ಮೆ ನಮಗೂ ಸೆಪ್ಟೆಂಬರ್ 8 ಸಮುದ್ರದ ಮೇಲೆಯೇ ಬಂತು. ಮಕ್ಕಳು ಊಟದ ಮೇಜಿನ ಕಾಗದದ ಕರವಸ್ತ್ರಗಳನ್ನು ಮಡಚಿ, ದಾರ ಸುತ್ತಿ ಹೂ ಮಾಡಿದರು. ಅಂಗೈಯಗಲದ ಮಾತೆಯ ಪ್ರತಿಮೆಯನ್ನು ಕೊಠಡಿಯ ಮೇಜಿನ ಮೇಲಿಟ್ಟು ಹಾಡುತ್ತಾ ಆ ಹೂಗಳನ್ನು ಅರ್ಪಿಸಿದೆವು. ಮೂರು ದಿನ ಮೊದಲೇ ಅಡುಗೆಯವರಿಗೆ ಹೇಳಿದ್ದರಿಂದ ಎಲ್ಲರಿಗೂ ಒಂದೇ ಉದ್ದನೆಯ ಮೇಜು, ಐದು ಬಗೆಯ ತರಕಾರಿ, ಮೀನು ಮಾಂಸ ಇಲ್ಲ. ಹೊಸ ತೆನೆಯೊಂದು ಇರಲಿಲ್ಲ. ಊರಿನಲ್ಲಿದ್ದ ಅತ್ತಿಗೆ ಇಗರ್ಜಿಯಿಂದ ತಂದ ತೆನೆಯನ್ನು ಕಾಗದದಲ್ಲಿ ಸುತ್ತಿ ನಮಗಾಗಿ ಇಟ್ಟಿದ್ದರು. ಅಕ್ಟೋಬರಿನಲ್ಲಿ ಊರಿಗೆ ಹೋದ ದಿನ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ ಮನೆಯವರೆಲ್ಲ ಕುಡಿದೆವು.