‘ಫೇಯ್’ ಅಂದರೆ ಟಿಕೆಟ್ ಹೇಗಾಯಿತು?

ಹಾಂಗ್‌ಕಾಂಗಿನ ಚೀನೀ ಮಾತಾದ ಕ್ಯಾಂಟನೀಸಿನಲ್ಲಿ ಇಂಗ್ಲಿಷ್ ಪದಗಳಿಗೆ ಬರವಿಲ್ಲ. ‘ಬಾಸಿ’ ಬಸ್ಸು, ‘ಡಿಕ್‌ಸಿ’ ಟ್ಯಾಕ್ಸಿ. ಇವನ್ನು ಸುಲಭವಾಗಿ ಹಿಡಿಯಬಹುದು. ನನಗೆ ತಲೆ ಕೆಡಿಸಿದ್ದು ‘ಫೇಯ್’.

‘ಮಾಯ್ ಜೊ ಫೇಯ್ ಮೇಯ್?’ ಅಂದರೆ ‘ಟಿಕೆಟ್ ತಗೊಂಡ್ಯಾ?’ ಎಂದರ್ಥ. ಈ ಫೇಯ್ ಬರೆಯುವುದು ‘ಹಾರು’ ಎಂಬ ಅರ್ಥದ ಚೀನೀ ಅಕ್ಷರದಲ್ಲಿ. ವಿಮಾನಕ್ಕೆ ಹೇಳುವ ‘ಫೇಯ್‌ಗೇಯ್’ನಲ್ಲೂ ಅದೇ ಅಕ್ಷರ. ಹಾಗಾಗಿ ವಿಮಾನದ ಟಿಕೆಟ್‌ನಿಂದಲೇ ಶುರುವಾಗಿರಬೇಕು ಅಂದುಕೊಂಡಿದ್ದೆ. ಅಲ್ಲ! ಅದು ಇಂಗ್ಲಿಷಿನ ‘ಫೇರ್’. ಅಕ್ಷರವನ್ನು ಸುಮ್ನೆ ಸದ್ದಿಗಾಗಿ ಎರವಲು ತಂದಿದ್ದಾರೆ, ಹಾರಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ರಿಟಿಷರ ಬಾಯಲ್ಲಿ ಫೇರ್‌ನ ಕೊನೆಯ ‘ರ್’ ಕೇಳಿಸುವುದೇ ಇಲ್ಲ. ಕ್ಯಾಂಟನೀಸಿಗಂತೂ ಆ ಸದ್ದೇ ಇಲ್ಲ.

ಹೇಳುವಾಗ ದನಿಯ ಶ್ರುತಿ ಮಾತ್ರ ಮೇಲಿರಬೇಕು. ದನಿ ಕೆಳಗಿಳಿಸಿ ‘ಫೇಯ್’ ಅಂದರೆ ಅದು ‘ದಪ್ಪ’ ಎಂಬ ಬೇರೆಯೇ ಪದ. ಪರೀಕ್ಷೆಯಲ್ಲಿ ಫೇಲಾದರೆ ‘ಫೇಯ್‌ಲೋ’ ಅನ್ನುತ್ತಾರೆ. ಬರೆದದ್ದನ್ನು ಓದಿದರೆ ‘ದಪ್ಪ ಮನುಷ್ಯ’! ಕೊನೆಯಲ್ಲಿ ‘ಲ್’ ನಿಲ್ಲದ ಭಾಷೆಯಲ್ಲಿ ‘ಫೇಲ್’ಗೆ ಹೀಗೊಂದು ಬಾಲ ಬೆಳೆದಿದೆ. ಲಿಫ್ಟ್‌ಗೆ ಹೇಳುವ ‘ಲಿಪ್’ಗೆ ಮಾತ್ರ ಹಳೆಯ ಅಕ್ಷರ ಸಾಲಲಿಲ್ಲ. ‘ಗಾಡಿ’ಯ ಪಕ್ಕ ‘ನಿಲ್ಲು’ ಸೇರಿಸಿ ಹೊಸದನ್ನೇ ಕಟ್ಟಿದ್ದಾರೆ. ನಿಂತೇ ಹೋಗುವ ಗಾಡಿ ತಾನೇ!

ನನ್ನ ಪ್ರಶ್ನೆ ಅರ್ಥದ ಬಗ್ಗೆ. ಫೇರ್ ಅಂದರೆ ನಾವು ಕೊಡುವ ದುಡ್ಡು. ಆ ಹೆಸರು ದುಡ್ಡು ಕೊಟ್ಟಾಗ ಕೈಗೆ ಬರುವ ಚೀಟಿಗೆ ಅಂಟಿಕೊಂಡಿತು. ಅಲ್ಲಿಗೂ ನಿಲ್ಲದೆ ಸಿನಿಮಾ ಟಿಕೆಟ್ಟೂ ‘ಹೇಯ್‌ಫೇಯ್’ ಆಯಿತು. ಸಿನಿಮಾಗೆ ಯಾರೂ ‘ಫೇರ್’ ಕೊಡುವುದಿಲ್ಲ, ಅಲ್ವಾ? (ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಪೊಲೀಸರು ಕೊಡುವ ದಂಡದ ಚೀಟಿ ಮಾತ್ರ ಆಡುಮಾತಿನಲ್ಲಿ ‘ಒಣ ದನದ ಮಾಂಸ’. ಅದು ಬೇರೆ ಕಥೆ.)

ನಮ್ಮಲ್ಲಿ ಇದರ ಉಲ್ಟಾ ನಡೆದಿದೆ ಅನಿಸುತ್ತದೆ. ಬಸ್ಸಿನಲ್ಲಿ ‘ಮೈಸೂರಿಗೆ ಟಿಕೆಟ್ ಎಷ್ಟು?’ ಅಂತ ಕೇಳುತ್ತೇವೆ. ಕೇಳುತ್ತಿರುವುದು ದುಡ್ಡನ್ನು, ಹೇಳುತ್ತಿರುವುದು ಚೀಟಿಯನ್ನು. ‘ಬಿಲ್ ಕಟ್ಟಿದೆ’ ಅನ್ನುವಾಗಲೂ ಹಾಗೇ, ಕಟ್ಟಿದ್ದು ಕಾಗದವನ್ನಲ್ಲ. ‘ಬಸ್ ಚಾರ್ಜು’ ಇದೆ ನಿಜ, ಆದರೆ ಅದು ದುಡ್ಡಾಗಿಯೇ ಉಳಿದಿದೆ. ‘ಚಾರ್ಜು ಕಳೆದುಹೋಯ್ತು’ ಅಂದರೆ ಟಿಕೆಟ್ ಕಳೆದುಹೋಯಿತು ಎಂದು ಯಾರೂ ತಿಳಿಯುವುದಿಲ್ಲ.

ಕ್ಯಾಂಟನೀಸಿನ ದಾರಿಯಲ್ಲೇ ದುಡ್ಡಿನ ಹೆಸರು ಚೀಟಿಗೋ ವಸ್ತುವಿಗೋ ದಾಟಿದ ಪದ ಕನ್ನಡದಲ್ಲಿ ಇದೆಯೇ? ಇಂಗ್ಲಿಷಿನಿಂದಲೇ ಬಂದಿರಬೇಕು ಅಂತೇನಿಲ್ಲ. ನಿಮ್ಮ ಊರ ಕಡೆಯ ಬಳಕೆಯಾದರೂ ಸರಿ, ತಿಳಿಸಿ.